ಜಾಗದ ಅಳತೆ ನೋಡಿ ‘ಇನ್’, ‘ಅಟ್’ ಹಾಕಿದರೆ ಸಾಲದು
ಇಂಗ್ಲಿಷಿನಲ್ಲಿ ಜಾಗ, ದಿಕ್ಕು ಹೇಳುವ ‘ಇನ್’, ‘ಆನ್’, ‘ಅಟ್’, ‘ಟು’ ಥರದ ಪದಗಳ ಬಗ್ಗೆ ಒಂದು ಲೇಖನ ಓದಿದೆ. ದೊಡ್ಡ ಜಾಗಕ್ಕೆ ‘ಇನ್’, ಚಿಕ್ಕ ಜಾಗಕ್ಕೆ ‘ಅಟ್’ ಅಂತ ಅದರಲ್ಲಿದೆ. ಶುರುವಿಗೆ ಸರಿ, ಆದರೆ ಈ ಸೂತ್ರ ಬೇಗ ಕೈಕೊಡುತ್ತದೆ. ವಿಮಾನ ನಿಲ್ದಾಣ ಎಷ್ಟು ದೊಡ್ಡದು! ಆದರೂ ‘ಅಟ್ ದಿ ಏರ್‌ಪೋರ್ಟ್’ ಅನ್ನುವುದೇ ಜಾಸ್ತಿ. ಪುಟ್ಟ ಡಬ್ಬಿಗೆ ‘ಇನ್’ ಬರುತ್ತದೆ. ಅಳತೆಗಿಂತ ನಾವು ಜಾಗವನ್ನು ಹೇಗೆ ನೋಡುತ್ತೇವೆ ಅನ್ನೋದು ಮುಖ್ಯ. ಒಳಗೆ ಅನ್ನುವಾಗ ‘ಇನ್’, ಮೇಲ್ಮೈಗೆ ತಾಗಿಕೊಂಡಿದ್ದರೆ ‘ಆನ್’, ಬರೀ ಒಂದು ಗುರುತಿನ ಹಾಗಿದ್ದರೆ ‘ಅಟ್’. ಅದಕ್ಕೇ ಚಾವಣಿಗೆ ತಲೆಕೆಳಗಾಗಿ ಅಂಟಿಕೊಂಡ ನೊಣಕ್ಕೂ ‘ಆನ್’, ಅದು ಚಾವಣಿಯ ಮೇಲಿಲ್ಲದೆ ಕೆಳಗಿದ್ದರೂ!

ದಿಕ್ಕಿನ ವಿಷಯ ಲೇಖನದಲ್ಲಿ ತೀರಾ ಕಡಿಮೆಯಾಯಿತು. ನಮಗೆ ನಿಜವಾದ ತೊಡಕು ಅಲ್ಲೇ ಇರುವುದು. ಕನ್ನಡದಲ್ಲಿ ‘-ಗೆ’, ‘-ಕ್ಕೆ’ ಬಂದಲ್ಲೆಲ್ಲ ಇಂಗ್ಲಿಷಿನಲ್ಲಿ ಸುಮ್ನೆ ‘ಟು’ ಸೇರಿಸಿಬಿಡುತ್ತೇವೆ. ‘ರೀಚ್’ ಅನ್ನೋ ಪದದ ನಂತರ ‘ಟು’ ಬೇಡ. ‘ಗೋ ಹೋಮ್’ ಅನ್ನುವಾಗಲೂ ಬೇಡ. ‘ಅರೈವ್’ ಜೊತೆ ಜಾಗದ ಹೆಸರು ಬಂದರೆ ‘ಅಟ್’ ಅಥವಾ ‘ಇನ್’ ಹಾಕಬೇಕು. ಕೆಲವು ಕಡೆ ಅರ್ಥವೇ ಬದಲಾಗುತ್ತದೆ. ಚೆಂಡನ್ನು ಒಬ್ಬರಿಗೆ ‘ಥ್ರೋ ಟು’ ಮಾಡಿದರೆ ಅವರು ಹಿಡಿಯಲಿ ಅಂತ, ‘ಥ್ರೋ ಅಟ್’ ಮಾಡಿದರೆ ಅವರಿಗೆ ಬೀಳಲಿ ಅಂತ!

ಕಾರಿಗೆ ‘ಇನ್’, ಬಸ್ಸಿಗೆ ‘ಆನ್’ ಯಾಕೆ ಅಂತ ಯಾರೋ ಕೇಳಿದ್ದರು. ಒಳಗೆ ಎದ್ದು ಓಡಾಡುವಂಥ ವಾಹನಕ್ಕೆ ಸಾಮಾನ್ಯವಾಗಿ ‘ಆನ್’. ರೈಲು, ವಿಮಾನ, ಹಡಗಿಗೂ ಅದೇ.