ಪಿಕಪ್ ಹೊಸದು, ಸದ್ದೇ ಇಲ್ಲ

ಗಿಟಾರ್ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಿಗ್ನಲ್ ಮಾಡುವ ಭಾಗ) ಮಾಡುವವರೆಲ್ಲ ವೈರ್ ಬಣ್ಣಕ್ಕೆ ಒಂದೇ ನಿಯಮ ಇಟ್ಟುಕೊಂಡರೆ ಅವರಪ್ಪನ ಗಂಟೇನು ಹೋಗುತ್ತದೆ? ಇವತ್ತು ಹೊಸ ಹಂಬಕರ್, ಅಂದರೆ ಎರಡು ಕಾಯಿಲ್‌ನ ಪಿಕಪ್, ಹಾಕಿಸಿಕೊಂಡು ಬಂದು ಆಂಪ್‌ಗೆ ಜೋಡಿಸಿದರೆ ಸೊಳ್ಳೆ ಗುಂಯ್‌ಗುಟ್ಟಿದ ಹಾಗೆ ಕೇಳುತ್ತದೆ. ಹಳೆಯದೇ ಇದಕ್ಕಿಂತ ಜೋರಾಗಿತ್ತು! ಸ್ಕ್ರೂ ತಿರುಗಿಸಿ ಪಿಕಪ್ಪನ್ನು ತಂತಿಗಳ ಹತ್ತಿರಕ್ಕೆ ತಂದದ್ದಾಯಿತು, ಕೇಬಲ್ ಬದಲಿಸಿದ್ದಾಯಿತು, ವಾಲ್ಯೂಮ್ ಪಾಟ್ (ಗುಂಡಿಯ ಕೆಳಗಿನ ರೆಸಿಸ್ಟರ್) 500 ಕಿಲೋಓಮ್ ಹೌದಾ ಅಂತ ನೋಡಿದ್ದೂ ಆಯಿತು. ಕೊನೆಗೆ ಮಲ್ಟಿಮೀಟರ್ ಇಟ್ಟರೆ 8 ಕಿಲೋಓಮ್ ತೋರಿಸಬೇಕಾದಲ್ಲಿ ಬರೀ 4. ಎರಡು ಕಾಯಿಲ್‌ಗಳಲ್ಲಿ ಒಂದು ಸುಮ್ನೆ ಕೂತಿದೆ. ಯಾಕೆ ಗೊತ್ತಾ? ಒಂದು ಕಂಪನಿಗೆ ಕಪ್ಪು ವೈರ್ ಹಾಟ್ (ಸಿಗ್ನಲ್ ಹೊರಗೆ ಒಯ್ಯುವ ವೈರ್), ಕೆಂಪು-ಬಿಳಿ ಜೋಡಿಸಬೇಕು. ಇನ್ನೊಂದಕ್ಕೆ ಕೆಂಪು ಹಾಟ್, ಕಪ್ಪು-ಬಿಳಿ ಜೋಡಿ. ಅಂಗಡಿಯವನು ಎರಡನೆಯದರ ನಕ್ಷೆ ನೋಡಿ ಮೊದಲನೆಯದಕ್ಕೆ ಬೆಸುಗೆ ಹಾಕಿದ್ದಾನೆ. ಡಬ್ಬದೊಳಗೆ ಒಂದು ಚೀಟಿ ಇಡೋಕೂ ಆಗಲ್ವಾ ಇವರಿಗೆ? ಅಷ್ಟು ದುಡ್ಡು ತಗೊಂಡು?