ಸಿವಿಲ್ ಕೇಸಿಗೂ ಎಲ್ಲರಿಗೂ ಫ್ರೀ ವಕೀಲರು ಬೇಕಾ?

ಪರ: ಸಮನ್ಸ್ ಬಂದವರು ಕೋರ್ಟಿಗೆ ತಾವಾಗಿ ಹೋದವರಲ್ಲ
(ಬರೆದವರು ತಾಲ್ಲೂಕು ಕೋರ್ಟಿನ ಎದುರು ಜೆರಾಕ್ಸ್ ಅಂಗಡಿ ಇಟ್ಟವರು)

ಕೋರ್ಟಿನ ಗೇಟಿನ ಎದುರಿಗೇ ನನ್ನ ಜೆರಾಕ್ಸ್ ಅಂಗಡಿ. 16 ವರ್ಷ ಆಯಿತು. ಕಾನೂನು ಓದಿಲ್ಲ, ಆದರೆ ಕಾನೂನಿನ ಕಾಗದ ನನ್ನಷ್ಟು ನೋಡಿದವರು ಕಮ್ಮಿ. ಪಹಣಿ, ವಂಶವೃಕ್ಷ, ಕ್ರಯಪತ್ರ, ವಕಾಲತ್ತು, ಎಲ್ಲವೂ ನನ್ನ ಮಿಷನ್ನಿನ ಗಾಜಿನ ಮೇಲೆ ಮಲಗಿ ಎದ್ದು ಹೋಗಿವೆ.

ಸಿವಿಲ್ ಕೇಸು ಅಂದ ತಕ್ಷಣ ಜನರಿಗೆ ಕೇಸು ಹಾಕುವವನ ಮುಖ ನೆನಪಾಗುತ್ತದೆ. ಜಗಳಗಂಟ, ಆಸೆಬುರುಕ. ನಾನು ದಿನಾ ನೋಡುವುದು ಇನ್ನೊಬ್ಬನನ್ನು. ಕೇಸು ಹಾಕಿಸಿಕೊಂಡವನನ್ನು.

ಮೂರು ವರ್ಷದ ಹಿಂದೆ ಟೈಲರ್ ಒಬ್ಬರು ಬಂದರು. ವಯಸ್ಸು 60ರ ಹತ್ತಿರ. ಅಂಗಿ ಜೇಬಿನಿಂದ ಎಂಟು ಮಡಿಕೆಯ ಕಾಗದ ತೆಗೆದರು. ಮಡಿಕೆಯ ಗೆರೆಯ ಮೇಲೆಲ್ಲ ಮಿಷನ್ ಎಣ್ಣೆ ಕಲೆ. "ಅಣ್ಣಾ, ಎರಡು ಕಾಪಿ. ಹಂಗೇ ಒಂಚೂರು ಓದಿ ಹೇಳ್ತೀರಾ, ಕೋರ್ಟಿಂದು ಅಂದ್ರು." ಓದಿದೆ. 22 ವರ್ಷದಿಂದ ಬಾಡಿಗೆಗಿದ್ದ ಅಂಗಡಿ ಖಾಲಿ ಮಾಡಿಸಲು ಮಾಲೀಕರ ಮಗ ದಾವೆ ಹಾಕಿದ್ದ. ಸಮನ್ಸ್ ಬಂದು ಐದು ವಾರ ಆಗಿತ್ತು. ಅಷ್ಟೂ ದಿನ ಅದು ಕ್ಯಾಲೆಂಡರ್ ಮೊಳೆಗೆ ನೇತಾಡುತ್ತಿತ್ತಂತೆ. ಜೊತೆಗಿದ್ದ ವಾದಪತ್ರ ಇಂಗ್ಲಿಷಿನಲ್ಲಿ.

ಸಿವಿಲ್ ದಾವೆಯಲ್ಲಿ ಸಮನ್ಸ್ ಕೈಗೆ ಬಂದ ಮೇಲೆ 30 ದಿನದೊಳಗೆ ಉತ್ತರ ಹಾಕಬೇಕು. ಕಾರಣ ಸರಿ ಇದ್ದರೆ ಕೋರ್ಟು 90 ದಿನದವರೆಗೆ ಟೈಮ್ ಕೊಡಬಹುದು. ಇದು ವಕೀಲರಿಗೆ ಗೊತ್ತು, ಅವರ ಗುಮಾಸ್ತರಿಗೆ ಗೊತ್ತು, ನನಗೂ ಗೊತ್ತು. ಬಟ್ಟೆ ಹೊಲಿಯುವವರಿಗೆ ಯಾಕೆ ಗೊತ್ತಿರಬೇಕು?

ನಾನೇ ಒಳಗೆ ಕರೆದುಕೊಂಡು ಹೋದೆ, ಕಾನೂನು ಸೇವಾ ಸಮಿತಿಯ ರೂಮಿಗೆ. ಅಲ್ಲಿದ್ದವರು ಒಳ್ಳೆಯವರೇ. ಕೂರಿಸಿದರು, ನೀರು ಕೊಟ್ಟರು, ಪಟ್ಟಿ ಓದಿದರು. 1987ರ ಕಾಯ್ದೆಯಲ್ಲಿ ಯಾರ್‍ಯಾರಿಗೆ ನೆರವು ಅಂತ ಬರೆದಿದೆ. ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ, ಅಂಗವಿಕಲರಿಗೆ, ಕಾರ್ಖಾನೆ ಕಾರ್ಮಿಕರಿಗೆ ಆದಾಯ ಎಷ್ಟು ಅಂತ ಕೇಳುವುದಿಲ್ಲ. ಬಹಳ ಒಳ್ಳೆಯದು. ಮಿಕ್ಕವರಿಗೆ ಮಾತ್ರ ಆದಾಯದ ಮಿತಿ. ಟೈಲರ್ ಬಿದ್ದದ್ದು ಈ ಮಿಕ್ಕವರಲ್ಲಿ. ಮಗ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ್ದ. ಅವನ ಸಂಬಳವನ್ನೂ ಸೇರಿಸಿದ ಆದಾಯ ಪ್ರಮಾಣಪತ್ರ ಮಿತಿ ದಾಟಿತು. ಅವನು ಮನೆಗೆ ಕಳಿಸುತ್ತಿದ್ದದ್ದು ತಿಂಗಳಿಗೆ 3,000.

ಹೊರಗೆ ವಕೀಲರ ಫೀಸು 20,000, ಮೊದಲೇ ಅರ್ಧ. ಅದನ್ನು ಹೊಂದಿಸುವಷ್ಟರಲ್ಲಿ ಎಕ್ಸ್‌ಪಾರ್ಟಿ ಆಗಿಹೋಯಿತು. ಅಂದರೆ ಇವರ ಮಾತು ಕೇಳದೆಯೇ ಕೇಸು ಮುಂದಕ್ಕೆ ಹೋಯಿತು. ಕೋರ್ಟಿನ ತಪ್ಪು ಅನ್ನಲಾರೆ. ಕೂಗಿದರು, ಇವರ ಕಡೆಯಿಂದ ಯಾರೂ ನಿಲ್ಲಲಿಲ್ಲ. ಹಾಗೆ ಆದ ಡಿಕ್ರಿ, ಅಂದರೆ ಕೋರ್ಟಿನ ತೀರ್ಪಿನ ಆದೇಶ, ರದ್ದು ಮಾಡಿಸಲಿಕ್ಕೂ ಮತ್ತೆ 30 ದಿನದ ಗಡುವು, ಮತ್ತೆ ವಕೀಲರು, ಮತ್ತೆ ಫೀಸು. ಈಗ ಅವರು ಮನೆ ಜಗಲಿಯಲ್ಲಿ ಕೂತು ಸೀರೆಗೆ ಫಾಲ್ ಹೊಲಿಯುತ್ತಾರೆ. ಮಿಷನ್ ಅರ್ಧ ಬಿಸಿಲಲ್ಲಿ, ಅರ್ಧ ನೆರಳಲ್ಲಿ.

ಜೈಲಿನ ಕೇಸಾದರೆ, ವಕೀಲರನ್ನು ಇಟ್ಟುಕೊಳ್ಳಲಾಗದವನಿಗೆ ಸರ್ಕಾರವೇ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 1979ರ ಹುಸೈನಾರಾ ಖಾತೂನ್ ಕೇಸಿನಲ್ಲೇ ಹೇಳಿತು. 2022ರಲ್ಲಿ ಕ್ರಿಮಿನಲ್ ಕೇಸುಗಳಿಗೆ ಅಂತಲೇ ಪೂರ್ಣಾವಧಿ ವಕೀಲರ ವ್ಯವಸ್ಥೆಯೂ ಬಂತು. ಸರಿ, ಬೇಕಾದದ್ದೇ. ಅಂಗಡಿ ಹೋದರೆ? ಇರುವ ಮನೆ ಹೋದರೆ? 1976ರಲ್ಲಿ ಸಂವಿಧಾನಕ್ಕೆ ಸೇರಿದ 39ಎ ವಿಧಿ, ಬಡತನದ ಕಾರಣಕ್ಕೆ ಯಾರಿಗೂ ನ್ಯಾಯ ತಪ್ಪಬಾರದು ಅನ್ನುತ್ತದೆ. ಅಲ್ಲಿ ಸಿವಿಲ್‌ಗೆ ಬೇರೆ, ಕ್ರಿಮಿನಲ್‌ಗೆ ಬೇರೆ ಅಂತ ಬೇಲಿ ಹಾಕಿಲ್ಲ.

ದುಡ್ಡು ಎಲ್ಲಿಂದ ಅಂತ ಕೇಳುತ್ತಾರೆ. ಸರ್ಕಾರಿ ಆಸ್ಪತ್ರೆಯಲ್ಲಿ ಜ್ವರ ನೋಡುವ ಮೊದಲು ನಿಮ್ಮ ಮಗನ ಸಂಬಳ ಎಷ್ಟು ಅಂತ ಕೇಳುತ್ತಾರಾ? ಹಂಗೇ ಇದೂ. ಕಡೇಪಕ್ಷ ಸಮನ್ಸ್ ಬಂದವರಿಗೆ ಮೊದಲ ಉತ್ತರ ಹಾಕಿಕೊಡುವವರೆಗಾದರೂ ಆದಾಯ ಕೇಳಬೇಡಿ. ಪ್ರತಿ ಸಮನ್ಸಿನ ನೆತ್ತಿಯ ಮೇಲೆ 15100 ಅಂತ ಸಹಾಯವಾಣಿ ನಂಬರನ್ನು ದಪ್ಪ ಅಕ್ಷರದಲ್ಲಿ ಹಾಕಿ. ಅದಕ್ಕೆಷ್ಟು ಖರ್ಚಾಗುತ್ತದೆ ಅಂತ ಬೇಕಾದರೆ ನಾನೇ ಲೆಕ್ಕ ಮಾಡಿಕೊಡುತ್ತೇನೆ.

ವಿರೋಧ: ವಕೀಲರು ಫ್ರೀ, ಸರ್ವೇಯರ್?
(ಬರೆದವರು ನಿವೃತ್ತ ಕೋರ್ಟ್ ಶಿರಸ್ತೇದಾರರು)

ವಿರೋಧದ ಕಡೆ ಬರೆಯಲು ಯಾರೂ ಸಿಗಲಿಲ್ಲವಂತೆ. ನೀವಾದರೂ ಬರೆಯಿರಿ ಸಾರ್ ಅಂದರು, ಹೂಂ ಅಂದೆ. ಬಡವರಿಗೆ ವಕೀಲರು ಬೇಡ ಅನ್ನುವಷ್ಟು ಕಲ್ಲುಮನಸ್ಸಿನವನಲ್ಲ ನಾನು. 'ಎಲ್ಲರಿಗೂ' ಅನ್ನುವುದಕ್ಕಷ್ಟೇ ನನ್ನ ತಕರಾರು.

ಎಲ್ಲರಿಗೂ ಅಂದರೆ, ಪಕ್ಕದ ಮನೆ ನುಗ್ಗೆಮರದ ಕೊಂಬೆ ನಮ್ಮ ಕಾಂಪೌಂಡಿಗೆ ಬಗ್ಗಿದೆ ಅನ್ನುವವರಿಗೂ ತಾನೇ? ಫೀಸಿಲ್ಲ ಅಂತ ಗೊತ್ತಾದರೆ ನಾಳೆ ಬೆಳಿಗ್ಗೆ ಇಡೀ ಊರು ವಕಾಲತ್ತಿಗೆ ಸಹಿ ಹಾಕಿಕೊಂಡು ಬಂದು ನಿಲ್ಲುತ್ತದೆ.

ಇನ್ನೊಂದು. ಸಿವಿಲ್ ಕೇಸು ಎಳೆಯುವುದು ವಕೀಲರಿಲ್ಲದ್ದಕ್ಕೆ ಅಲ್ಲ. ಪಾಲಿನ ದಾವೆಯನ್ನೇ ತೆಗೆದುಕೊಳ್ಳಿ. ಆಸ್ತಿ ಜಂಟಿ ಸ್ವಾಧೀನದಲ್ಲಿದೆ ಅಂತ ಹೇಳಿ ಹಾಕುವ ಪಾಲಿನ ದಾವೆಗೆ ನನ್ನ ಸರ್ವಿಸಿನ ಕಾಲದಲ್ಲಿ ಕೋರ್ಟ್ ಫೀ 200 ರೂಪಾಯಿ ದಾಟುತ್ತಿರಲಿಲ್ಲ. ಒಳಗೆ ಬರುವುದು ಸಲೀಸು. ಹೊರಗೆ ಹೋಗುವುದು? ಮೂರರಲ್ಲೊಂದು ಪಾಲು ನಿನ್ನದು ಅಂತ ಮೊದಲು ಪ್ರಾಥಮಿಕ ಡಿಕ್ರಿ. ಆ ಪಾಲು ಯಾವ ಮೂಲೆಯಲ್ಲಿ ಅಂತ ತೋರಿಸಲು ಫೈನಲ್ ಡಿಕ್ರಿ ಅರ್ಜಿ. ಮನೆಯಾದರೆ ಕೋರ್ಟ್ ಕಮಿಷನರ್ ಬರಬೇಕು. ಕಂದಾಯದ ಜಮೀನಾದರೆ ಫೈಲು ಡಿ.ಸಿ. ಆಫೀಸಿಗೆ, ಅಲ್ಲಿಂದ ತಹಸೀಲ್ದಾರರಿಗೆ, ಅಲ್ಲಿಂದ ಸರ್ವೇಯರ್ ಕೈಗೆ. ನಕ್ಷೆ ಬಂದರೆ ನಕ್ಷೆಗೆ ತಕರಾರು. ಆಮೇಲೆ ಅಮಲ್ಜಾರಿ, ಅಂದರೆ ಕೋರ್ಟಿನ ಅಮೀನರು ಹೋಗಿ ಸ್ವಾಧೀನ ಕೊಡಿಸಬೇಕು. ನಡುವೆ ಯಾರಾದರೂ ತೀರಿಕೊಂಡರೆ ಅವರ ವಾರಸುದಾರರನ್ನು ಸೇರಿಸಿ, ಅವರಿಗೆ ನೋಟಿಸು. ವಕೀಲರನ್ನು ಫ್ರೀ ಕೊಟ್ಟರೆ ಸರ್ವೇಯರ್ ಬೇಗ ಬರುತ್ತಾರಾ? ದುಡ್ಡಿದ್ದರೆ ಅಲ್ಲಿ ಹಾಕಿ.

ಸಮನ್ಸ್ ಅರ್ಥವಾಗದ ಬಡಪಾಯಿಯ ಕಥೆ ಈ ಚರ್ಚೆಯಲ್ಲಿ ಯಾವಾಗಲೂ ಬರುತ್ತದೆ. ಮನೆಗೆ ಬಂದ ಕಾಗದ ಬಿಚ್ಚಿ ನೋಡದವರ ಬಾಗಿಲನ್ನು ವಕೀಲರು ಹೋಗಿ ತಟ್ಟಬೇಕಾ? ಅದಿರಲಿ.

ಲೋಕ ಅದಾಲತ್ ಇದೆಯಲ್ಲ. ರಾಜಿಯಾದರೆ ಕಟ್ಟಿದ ಕೋರ್ಟ್ ಫೀ ವಾಪಸ್, ಮೇಲ್ಮನವಿ ಇಲ್ಲ, ಕೇಸು ಅಲ್ಲಿಗೇ ಮುಗೀತು. ಗೆದ್ದವನು ಸೋತ, ಸೋತವನು ಸತ್ತ ಅಂತ ಹಿರಿಯರು ಸುಮ್ನೆ ಹೇಳಲಿಲ್ಲ. ಆದರೆ ರಾಜಿಗೆ ಮನಸ್ಸು ಬರುವುದು ಜೇಬು ಸುಸ್ತಾದ ಮೇಲೇ. ಇದು ನಮ್ಮ ಮನೆಯದೇ ಅನುಭವ.

ನನಗೂ ನನ್ನ ತಮ್ಮನಿಗೂ ಊರ ಮನೆಯ ಕೊಟ್ಟಿಗೆ ಗೋಡೆಗಾಗಿ ಕೇಸಿತ್ತು. ಎರಡಡಿ ಜಾಗ. ಕೋರ್ಟಿನವನೇ ಕೋರ್ಟಿಗೆ ಹೋದ ಅಂತ ಊರೆಲ್ಲ ನಕ್ಕಿತು. 9 ವರ್ಷ ವಾಯಿದೆ ಮೇಲೆ ವಾಯಿದೆ. ಇಬ್ಬರೂ ಒಂದೇ ಬಸ್ಸಿನಲ್ಲಿ ಇಳಿದು ಬೇರೆ ಬೇರೆ ಹೋಟೆಲಿಗೆ ಹೋಗಿ ಕಾಫಿ ಕುಡಿಯುತ್ತಿದ್ದೆವು. ಅಮ್ಮನ ತಿಥಿ ದಿನ ಎಲೆ ಮುಂದೆ ಕೂತವನು, ತಲೆ ಎತ್ತದೆ, "ಅಣ್ಣಾ, ನನ್ ಕೈಲಿ ಇನ್ನು ಆಗಲ್ಲ. ಗೋಡೆ ನೀನೇ ಇಟ್ಕೋ" ಅಂದ. ಮುಂದಿನ ಅದಾಲತ್‌ನಲ್ಲಿ ಸಹಿ ಹಾಕಿದೆವು. ಹತ್ತು ನಿಮಿಷದ ಕೆಲಸ.

ರಾಜಿ ಅಂದರೆ ಹೀಗಿರಬೇಕು ಅಂತ ಈ ಕಥೆಯನ್ನು ಬಹಳ ಕಡೆ ಹೇಳಿದ್ದೇನೆ. ಬರೆಯಲು ಕೂತಾಗ ಯಾಕೋ ಸ್ವಲ್ಪ ಮುಜುಗರ. ನನಗೆ ತಿಂಗಳಾದರೆ ಸಂಬಳ ಬರುತ್ತಿತ್ತು. ಅವನಿಗಿದ್ದದ್ದು ಎರಡು ಹಸು. 9 ವರ್ಷದಲ್ಲಿ ಒಂದನ್ನು ಮಾರಿದ್ದ. ಗೋಡೆ ಈಗಲೂ ನನ್ನ ಕಡೆಗಿದೆ. ನಾನು ಹಸು ಸಾಕಿಲ್ಲ.