ದಾಸ ಎಂದಾಗ ಕೇಳಿಸುವ ತಂಬೂರಿ

ಬೈಬಲಿನ ಹೊಸ ಒಡಂಬಡಿಕೆಯಲ್ಲಿ, ರೋಮಾಪುರದವರಿಗೆ ಬರೆದ ಪತ್ರದ ಮೊದಲ ಸಾಲಿನಲ್ಲೇ, ಆದಿ ಕ್ರೈಸ್ತ ಪ್ರಚಾರಕ ಪೌಲ ತನ್ನನ್ನು ಯೇಸು ಕ್ರಿಸ್ತನ ದಾಸ ಎಂದು ಕರೆದುಕೊಳ್ಳುತ್ತಾನೆ. ಕನ್ನಡದಲ್ಲಿ ಓದಿದ ಕೂಡಲೇ ನಮ್ಮ ಕಿವಿಯಲ್ಲಿ ತಂಬೂರಿ ಮಿಡಿಯುತ್ತದೆ. ಪುರಂದರದಾಸರು, ಕನಕದಾಸರು, ಗೆಜ್ಜೆ, ಗೋಪಾಳಬುಟ್ಟಿ. ನಮ್ಮಲ್ಲಿ ದಾಸ ಎನ್ನುವುದು ಹೆಸರಿನ ಕೊನೆಗೆ ಸೇರಿ ಮನುಷ್ಯನನ್ನು ಎತ್ತರಿಸುವ ಪದ. ಆದರೆ ಮೊದಲ ಶತಮಾನದ ಐವತ್ತರ ದಶಕದಲ್ಲಿ ಆ ಪತ್ರವನ್ನು ಗಟ್ಟಿಯಾಗಿ ಓದಿದಾಗ ಕೇಳಿಸಿಕೊಳ್ಳುತ್ತಿದ್ದವರ ನಡುವೆ ಆ ಪದವನ್ನು ಮೈಮೇಲೆ ಹೊತ್ತವರೇ ಇದ್ದರು. ಕೊನೆಯ ಅಧ್ಯಾಯದ ವಂದನೆಗಳನ್ನು ನೋಡಿ: ಅರಿಸ್ತೊಬೂಲನ ಮನೆಯವರು, ನಾರ್ಕಿಸ್ಸನ ಮನೆಯವರು, ಅಂದರೆ ಆ ಮನೆಗಳ ಆಳುಕಾಳು. ಪತ್ರವನ್ನು ಬರೆದುಕೊಂಡವನ ಹೆಸರು ತೆರ್ತ್ಯ, ಅಂದರೆ ಮೂರನೆಯವ. ಅವನ ಬೆನ್ನಿಗೇ ಬರುವವನು ಕ್ವರ್ತ, ನಾಲ್ಕನೆಯವ. ಮನುಷ್ಯರಿಗೆ ನಂಬರಿನ ಹೆಸರು ಇಡುವುದು ದಾಸರ ಲೋಕದಲ್ಲಿ ಮಾಮೂಲಿಯಾಗಿತ್ತು.

ಪೌಲ ಬಳಸಿದ ಗ್ರೀಕ್ ಪದ ದೂಲೊಸ್. (ಪುಲ್ಪಿಟ್ಟುಗಳಲ್ಲಿ ಇಂಗ್ಲಿಷ್ ಕಾಗುಣಿತ ನೋಡಿ 'ಡೌಲೋಸ್' ಎನ್ನುತ್ತಾರೆ, ಇರಲಿ.) ದೂಲೊಸ್ ಎಂದರೆ ಇನ್ನೊಬ್ಬನ ಸ್ವತ್ತು. ಮಾರಬಹುದು, ಬಾಡಿಗೆಗೆ ಕೊಡಬಹುದು, ಉಯಿಲಿನಲ್ಲಿ ಮಗನಿಗೆ ಬರೆಯಬಹುದು. ರೋಮನ್ ಕಾನೂನಿನಲ್ಲಿ ಅವನ ಮದುವೆ ಮದುವೆಯಲ್ಲ. ದಾಸಿಗೆ ಹುಟ್ಟಿದ ಮಗು ಒಡೆಯನದು. ನ್ಯಾಯಾಲಯದಲ್ಲಿ ಅವನ ಸಾಕ್ಷಿಯನ್ನು ಸಾಮಾನ್ಯವಾಗಿ ಚಿತ್ರಹಿಂಸೆ ಕೊಟ್ಟೇ ಪಡೆಯುತ್ತಿದ್ದರು. ಸಂತೆಯಲ್ಲಿ ಮಾರುವವನು ಸರಕಿನ ದೋಷ ಹೇಳಲೇಬೇಕೆಂಬ ಕಟ್ಟಳೆ ಇತ್ತು: ಕಾಯಿಲೆ ಇದೆಯೇ, ಹಿಂದೆ ಓಡಿಹೋಗಿದ್ದನೇ. ನಮ್ಮ ಜಾನುವಾರು ಜಾತ್ರೆಯಲ್ಲಿ ಸುಳಿ ನೋಡಿ ಹಲ್ಲು ಎಣಿಸಿದ ಹಾಗೆ. ಕ್ರಿ.ಶ. 61ರಲ್ಲಿ ರೋಮಿನ ನಗರಾಧಿಕಾರಿ ಪೆದಾನಿಯಸ್ ಸೆಕುಂದಸ್‌ನನ್ನು ಅವನದೇ ದಾಸನೊಬ್ಬ ಕೊಂದ. ಹಳೇ ಪದ್ಧತಿಯಂತೆ ಆ ಮನೆಯ 400 ಮಂದಿ ದಾಸರನ್ನೂ ಕೊಲ್ಲಿಸಿದರು. ಪೌಲನ ಪತ್ರ ರೋಮ್ ತಲುಪಿ ಆಗ ಹತ್ತು ವರ್ಷವೂ ಆಗಿರಲಿಲ್ಲ.

ನನ್ನ ತಕರಾರು ಇಷ್ಟೇ. ಹೊಸ ಒಡಂಬಡಿಕೆಯ ದಾಸನನ್ನು ಕೀರ್ತನೆಯ ದಾಸನಾಗಿ ಓದಿದರೆ ಅಲ್ಲಿನ ಅರ್ಧ ಮಾತು ಕೇಳಿಸುವುದೇ ಇಲ್ಲ. ಬರೀ 'ಸೇವೆ' ಎಂದು ಮೆತ್ತಗೆ ಮಾಡಿಕೊಂಡರೆ ಉಳಿದರ್ಧವೂ ಹೋಯಿತು.

ಇದರಲ್ಲಿ ನಮ್ಮ ಅನುವಾದಕರದಷ್ಟೇ ತಪ್ಪಲ್ಲ. 1611ರ ಇಂಗ್ಲಿಷ್ ಬೈಬಲ್‌ನಲ್ಲಿ 'ಸ್ಲೇವ್' ಎಂಬ ಪದ ಬರುವುದು ಎರಡೇ ಕಡೆ, ಯೆರೆಮೀಯ 2:14 ಮತ್ತು ಪ್ರಕಟನೆ 18:13. ಸೋಜಿಗವೆಂದರೆ ಆ ಎರಡರಲ್ಲೂ ಮೂಲದಲ್ಲಿ ದೂಲೊಸ್ ಇಲ್ಲ. ಮೊದಲನೆಯದು ಹೀಬ್ರೂ ಭಾಗ, ಅಲ್ಲಿ ಆ ಪದ ಅನುವಾದಕರು ಕೈಯಿಂದ ಸೇರಿಸಿದ್ದು. ಎರಡನೆಯ ಕಡೆ ಗ್ರೀಕಿನಲ್ಲಿರುವುದು ಸೋಮತಾ, ಅಂದರೆ 'ದೇಹಗಳು'. ಬಾಬೆಲಿನ ವರ್ತಕರ ಸರಕುಪಟ್ಟಿಯಲ್ಲಿ ದಾಲ್ಚಿನ್ನಿ, ಗೋಧಿ, ದನ, ಕುರಿ, ಕುದುರೆ, ರಥ ಆದಮೇಲೆ 'ದೇಹಗಳು'. ಹೊಸ ಒಡಂಬಡಿಕೆಯಲ್ಲಿ ನೂರಿಪ್ಪತ್ತಕ್ಕೂ ಹೆಚ್ಚು ಸಲ ಬರುವ ದೂಲೊಸ್ ಮಾತ್ರ ಆ ಅನುವಾದದಲ್ಲಿ ಹೆಚ್ಚುಕಡಿಮೆ ಎಲ್ಲೆಡೆ 'ಸರ್ವೆಂಟ್'.

ಕನ್ನಡ ಬೈಬಲ್ ದಾಸ, ಆಳು, ಸೇವಕ, ಊಳಿಗದವ ಎಂದು ಪದ ಬದಲಿಸುತ್ತಾ ಹೋಗುತ್ತದೆ. ಇವುಗಳಲ್ಲಿ 'ಆಳು' ನನಗೆ ಹೆಚ್ಚು ಪ್ರಾಮಾಣಿಕ ಅನ್ನಿಸುತ್ತದೆ, ಏಕೆಂದರೆ ಅದಕ್ಕೆ ಯಾವ ಪ್ರಭಾವಳಿಯೂ ಇಲ್ಲ. 'ಜೀತದಾಳು' ಎಂದುಬಿಡೋಣವೇ? ಅಲ್ಲೂ ಸಣ್ಣ ತೊಡಕಿದೆ. ಹಳಗನ್ನಡದಲ್ಲಿ ಜೀತವೆಂದರೆ ಸಂಬಳ. ಮುಂದೆ ಅದು ಸಾಲಕ್ಕೆ ದುಡಿಯುವ ಬಂಧನವಾಯಿತು, 1976ರ ಕಾಯಿದೆ ರದ್ದು ಮಾಡಿದ್ದು ಅದನ್ನೇ. ಜೀತದ ಹಿಂದೆ ಒಂದು ಸಾಲದ ಲೆಕ್ಕ ಇರುತ್ತದೆ, ಸುಳ್ಳು ಲೆಕ್ಕವೇ ಆಗಲಿ. ದೂಲೊಸ್‌ಗೆ ತೀರಿಸಬೇಕಾದ ಸಾಲವೇ ಬೇಕಿಲ್ಲ, ಅವನೇ ಸ್ವತ್ತು. ಹಳೆಯ 'ತೊತ್ತು' ಬಹಳ ಹತ್ತಿರ ಬರುತ್ತದೆ. ಆದರೆ ಇವತ್ತು ಅದು ಬೈಗುಳವಾಗಿ ಮಾತ್ರ ಉಳಿದಿದೆ. ಅದನ್ನು ಪವಿತ್ರ ಪುಸ್ತಕದಲ್ಲಿ ಅಚ್ಚು ಹಾಕಿಸುವ ಧೈರ್ಯ ಯಾರಿಗಿದೆ?

ಹಾಗಾಗಿ ಓದುಗರೇ ಸ್ವಲ್ಪ ಕಷ್ಟಪಡಬೇಕು. ಮೊಬೈಲಿನ ಯಾವುದಾದರೂ ಬೈಬಲ್ ಆ್ಯಪ್‌ನಲ್ಲಿ ಸ್ಟ್ರಾಂಗ್ ಸಂಖ್ಯೆ (ಮೂಲಭಾಷೆಯ ಒಂದೊಂದು ಪದಕ್ಕೂ ಕೊಟ್ಟಿರುವ ಕ್ರಮಸಂಖ್ಯೆ) ಇರುವ ಆವೃತ್ತಿ ತೆಗೆಯಿರಿ. ಕನ್ನಡದಲ್ಲಿ ದಾಸ ಅಥವಾ ಸೇವಕ ಸಿಕ್ಕಿದ ವಚನದ ಮೇಲೆ ಬೆರಳಿಟ್ಟು ಸಂಖ್ಯೆ ನೋಡಿ. ಗ್ರೀಕ್ 1401 ಬಂದರೆ ದೂಲೊಸ್, ಒಡೆಯನುಳ್ಳವನು. 1249 ಬಂದರೆ ದಿಯಾಕೊನೊಸ್, ಒಬ್ಬರ ಪರವಾಗಿ ಕೆಲಸ ಹೊತ್ತು ಓಡಾಡುವವನು, ಊಟ ಬಡಿಸುವವನು; ಸ್ವತಂತ್ರನೂ ಆಗಿರಬಹುದು. 3610 ಮನೆಯಾಳು, 1 ಪೇತ್ರ 2:18ರಲ್ಲಿರುವುದು ಇದು. 2324 ಥೆರಾಪೊನ್, ಗೌರವದ ಪರಿಚಾರಕ; ಹೊಸ ಒಡಂಬಡಿಕೆಯಲ್ಲಿ ಒಂದೇ ಸಲ, ಇಬ್ರಿಯರಿಗೆ 3:5ರಲ್ಲಿ ಮೋಶೆಗೆ ಮಾತ್ರ. ಹೆಚ್ಚು ಜನ ಮುಗ್ಗರಿಸುವುದು 3816ರಲ್ಲಿ. ಅದು ಪೈಸ್, ಹುಡುಗನೂ ಹೌದು, ಮಗನೂ ಹೌದು, ಆಳೂ ಹೌದು. ನಮ್ಮ ಕಡೆ ಎಷ್ಟು ವಯಸ್ಸಾದರೂ ಕೆಲಸದವನನ್ನು 'ಹುಡುಗ' ಎನ್ನುವ ಹಾಗೆ. ಶತಾಧಿಪತಿಯ (ನೂರು ಸೈನಿಕರ ನಾಯಕನ) ಮನೆಯಲ್ಲಿ ಕಾಯಿಲೆ ಬಿದ್ದು ಯೇಸುವಿನಿಂದ ಗುಣವಾದವನು ಮತ್ತಾಯ 8:6ರಲ್ಲಿ ಪೈಸ್, ಅದೇ ಕಥೆ ಹೇಳುವ ಲೂಕ 7:2ರಲ್ಲಿ ದೂಲೊಸ್. ಅಪೊಸ್ತಲರ ಕೃತ್ಯಗಳ ನಾಲ್ಕನೇ ಅಧ್ಯಾಯದಲ್ಲಿ ದಾವೀದನೂ ಪೈಸ್, ಯೇಸುವೂ ಪೈಸ್. ಆದರೆ 1611ರ ಅನುವಾದದಲ್ಲಿ ದಾವೀದ 'ಸೇವಕ'ನಾದ, ಯೇಸು 'ಮಗು'ವಾದ. ದೇವರ ಮಗನನ್ನು ಆಳು ಎನ್ನಲು ಅನುವಾದಕರಿಗೆ ಬಾಯಿ ಬರಲಿಲ್ಲ ಅಂತ ನನ್ನ ಗುಮಾನಿ.

ಇಷ್ಟು ಮಾಡಿದ ಮೇಲೆ ಮಾರ್ಕ 10:43–45 ಓದಿ. ದೊಡ್ಡವನಾಗಬೇಕೆಂದಿರುವವನು ದಿಯಾಕೊನೊಸ್ ಆಗಲಿ, ಮೊದಲನೆಯವನಾಗಬೇಕೆಂದಿರುವವನು ಎಲ್ಲರ ದೂಲೊಸ್ ಆಗಲಿ. ಪದ ಬದಲಾಗಿರುವುದು ಬರೀ ಪ್ರಾಸಕ್ಕಲ್ಲ. ಒಂದು ಮೆಟ್ಟಿಲು ಇಳಿದು ಮತ್ತೊಂದು ಮೆಟ್ಟಿಲು ಇಳಿದ ಹಾಗೆ. ಅದರ ಬೆನ್ನಲ್ಲೇ ಬರುವ 'ಈಡು' ಎಂಬ ಮಾತಿಗೆ ಗ್ರೀಕಿನಲ್ಲಿ ಲುತ್ರೊನ್, ಸೆರೆಯವರನ್ನೂ ದಾಸರನ್ನೂ ಬಿಡಿಸಲು ಕಟ್ಟುವ ಹಣ. ಮ್ಯಾನೇಜ್‌ಮೆಂಟ್ ತರಬೇತಿಗಳಲ್ಲಿ ಇದೇ ವಚನ 'ಸರ್ವೆಂಟ್ ಲೀಡರ್‌ಶಿಪ್' ಆಗಿ ಕಾಫಿ ಬ್ರೇಕಿನ ಮುಂಚೆ ಒಂದು ಸ್ಲೈಡಿನಲ್ಲಿ ಬಂದುಹೋಗುತ್ತದೆ.

ದೂಲೊಸ್ ಎಂದರೆ ಬರೀ ಕಸ ಗುಡಿಸುವವನು ಎಂದುಕೊಂಡರೂ ತಪ್ಪು. ಚಕ್ರವರ್ತಿಯ ದಾಸರು ಖಜಾನೆ ನೋಡುತ್ತಿದ್ದರು, ಸ್ವತಂತ್ರ ಪ್ರಜೆಗಳು ಅವರೆದುರು ಕೈಕಟ್ಟಿ ನಿಲ್ಲಬೇಕಾಗುತ್ತಿತ್ತು. ಮತ್ತಾಯ 18ರ ಸಾಮ್ಯದ ಕಥೆಯಲ್ಲಿ ಒಬ್ಬ ದಾಸ ರಾಜನಿಗೆ 10,000 ತಲಾಂತು ಕೊಡಬೇಕು. ಒಂದು ತಲಾಂತಿಗೆ 6,000 ದೆನಾರಿ, ದಿನಗೂಲಿ ಒಂದು ದೆನಾರಿ. ಅಲ್ಲಿಗೆ 6 ಕೋಟಿ ದಿನದ ಕೂಲಿ. ಅವನಿಗೆ ಜೊತೆಯ ದಾಸ ಕೊಡಬೇಕಾದದ್ದು 100 ದೆನಾರಿ. ಆರು ಕೋಟಿಯ ಬಾಕಿ ಇರುವವನು ಪ್ರಾಂತ್ಯದ ಕಂದಾಯವನ್ನೇ ಕೈಯಾಡಿಸಿದವನಿರಬೇಕು. ಆದರೂ 25ನೇ ವಚನದಲ್ಲಿ ರಾಜ ಒಂದು ಮಾತು ಹೇಳಿದರೆ ಸಾಕು, ಅವನನ್ನೂ ಹೆಂಡತಿ ಮಕ್ಕಳನ್ನೂ ಮಾರಲು ಅಪ್ಪಣೆಯಾಗುತ್ತದೆ. 'ಕ್ರಿಸ್ತನ ದಾಸ' ಎಂದು ಪೌಲ ಹೇಳಿಕೊಂಡಾಗ ಈ ಎರಡೂ ಅದರೊಳಗಿವೆ: ದೊಡ್ಡ ಒಡೆಯನ ಅಧಿಕಾರ ಹೊತ್ತವನೆಂಬ ಗತ್ತು, ತನ್ನದೆಂಬುದು ಏನೂ ಇಲ್ಲದ ಸ್ಥಿತಿ. ವಿನಯ ಮಾತ್ರ ಕಂಡವರಿಗೆ ಗತ್ತು ಕಾಣುವುದಿಲ್ಲ.

'ನೀವು ಕ್ರಯಕ್ಕೆ ಕೊಳ್ಳಲ್ಪಟ್ಟವರು' ಎಂಬ ಮಾತು ಪೌಲನ 1 ಕೊರಿಂಥ ಪತ್ರದಲ್ಲಿ ಎರಡು ಸಲ ಬರುತ್ತದೆ, 6:20 ಮತ್ತು 7:23. ಇದನ್ನು ವಿವರಿಸಲು ಗ್ರೀಸಿನ ಡೆಲ್ಫಿಯ ಶಾಸನಗಳನ್ನು ಎಳೆದುತರುವುದು ಸುಮಾರು ನೂರು ವರ್ಷದ ರೂಢಿ. ಅಲ್ಲಿನ ಅಪೊಲೊ ಗುಡಿಯ ಆವರಣದ ಕಲ್ಲುಗಳ ಮೇಲೆ ಇಂಥ ಸಾವಿರಕ್ಕೂ ಹೆಚ್ಚು ಬಿಡುಗಡೆ ಪತ್ರಗಳಿವೆ. ಕ್ರಮ ಹೀಗೆ: ದಾಸ ತಾನು ಕೂಡಿಟ್ಟ ಹಣ ಹೊಂದಿಸುತ್ತಾನೆ, ಒಡೆಯ ಅವನನ್ನು ಇಷ್ಟು ಬೆಳ್ಳಿಗೆ ದೇವರಿಗೆ 'ಮಾರುತ್ತಾನೆ', ಸಾಕ್ಷಿಗಳ ಹೆಸರು ಬರೆಸುತ್ತಾರೆ, ಕಲ್ಲಿಗೆ ಕೊರೆಯುತ್ತಾರೆ. ಕೊಂಡವನು ದೇವರು ಕಾಗದದ ಮೇಲೆ ಮಾತ್ರ, ಫಲ ಸ್ವಾತಂತ್ರ್ಯ. ಅದರಲ್ಲೂ ಎಷ್ಟೋ ಪತ್ರಗಳಲ್ಲಿ ಪರಾಮೊನೆ ಎಂಬ ಷರತ್ತು: ಹಳೇ ಒಡೆಯ ಸಾಯುವವರೆಗೆ ಅವನ ಬಳಿಯೇ ಇದ್ದು ಹೇಳಿದ ಕೆಲಸ ಮಾಡಬೇಕು. ಬಿಡುಗಡೆಗೂ ಬಾಲ ಇತ್ತು.

ಈ ಹೋಲಿಕೆ ಚಂದವಾಗಿದೆ, ಆದರೆ ಪೌಲನ ಮಾತಿಗೆ ಸರಿಯಾಗಿ ಕೂರುವುದಿಲ್ಲ. ಡೆಲ್ಫಿಯಲ್ಲಿ ದೇವರು ಕೊಂಡದ್ದು ಬಿಡಲಿಕ್ಕೆ. ಪೌಲನಲ್ಲಿ ಕೊಂಡವನು ಇಟ್ಟುಕೊಳ್ಳುತ್ತಾನೆ: 'ನೀವು ನಿಮ್ಮ ಸ್ವಂತದವರಲ್ಲ'. ಅವನು ಬಳಸುವ ಕ್ರಿಯಾಪದ ಅಗೊರಾಜೊ, ಅಗೊರಾ ಅಂದರೆ ಪೇಟೆ. ಅದು ಸೀದಾ ಸಂತೆಯ ಖರೀದಿ. ಒಡೆಯ ಬದಲಾದ, ಒಡೆತನ ತಪ್ಪಲಿಲ್ಲ.

ಈ ಒಡೆಯ ಎಂಬ ಪದದ ಮೇಲೆ ಇನ್ನೊಂದು ಪರದೆ ಇದೆ. ಗ್ರೀಕಿನಲ್ಲಿ ದೂಲೊಸ್‌ಗೆ ಜೋಡಿ ಕುರಿಯೊಸ್. ಮನೆಯ ಯಜಮಾನನಿಗೂ ಅದೇ ಪದ, ಕ್ರಿಸ್ತನಿಗೂ ಅದೇ. ಕನ್ನಡದಲ್ಲಿ ಮನುಷ್ಯನಿಗೆ 'ಯಜಮಾನ', ಕ್ರಿಸ್ತನಿಗೆ ಹೆಚ್ಚಾಗಿ 'ಕರ್ತ'. ಹೀಗೆ ಎರಡು ಪದವಾದ ಮೇಲೆ ಕೊಲೊಸ್ಸೆ 3:22ರಿಂದ 4:1ರವರೆಗಿನ ಹಗ್ಗಜಗ್ಗಾಟ ಕಾಣಿಸುವುದೇ ಇಲ್ಲ. ದಾಸರೇ, ಶರೀರಸಂಬಂಧವಾದ ಕುರಿಯೊಸ್‌ಗೆ ವಿಧೇಯರಾಗಿ, ಕುರಿಯೊಸ್‌ಗೆ ಭಯಪಟ್ಟು. ಕುರಿಯೊಸರೇ, ನಿಮಗೂ ಪರಲೋಕದಲ್ಲಿ ಒಬ್ಬ ಕುರಿಯೊಸ್ ಇದ್ದಾನೆ. ಯಜಮಾನನನ್ನು ದಾಸನ ಜಾಗಕ್ಕೆ ತಳ್ಳುವ ಮಾತು ಇದು ಎಂದು ಕೆಲವರು ಹಿಗ್ಗುತ್ತಾರೆ. ನಿಜ. ಅದೇ ಉಸಿರಿನಲ್ಲಿ ಮನೆಯ ಒಡೆಯನಿಗೆ ದೇವರ ನೆರಳನ್ನೂ ಅದು ಒದಗಿಸಿತು, ಅದೂ ನಿಜ. 1807ರಲ್ಲಿ ವೆಸ್ಟ್ ಇಂಡೀಸಿನ ದಾಸರಿಗಾಗಿ ಲಂಡನ್ನಿನಲ್ಲಿ ಆಯ್ದ ಬೈಬಲ್ ಅಚ್ಚು ಹಾಕಿದವರು ಆಳು ಒಡೆಯನೆಂಬ ಭೇದವಿಲ್ಲ ಎನ್ನುವ ಗಲಾತ್ಯ 3:28ನ್ನು ಕಿತ್ತುಹಾಕಿ, ವಿಧೇಯರಾಗಿರಿ ಎನ್ನುವ ಎಫೆಸ 6:5ನ್ನು ಉಳಿಸಿಕೊಂಡರು. ಯಾವುದು ಯಾರಿಗೆ ಉಪಯೋಗಕ್ಕೆ ಬರುತ್ತದೆಂದು ತೋಟದ ಮಾಲೀಕರಿಗೆ ಪಂಡಿತರಿಗಿಂತ ಚೆನ್ನಾಗಿ ಗೊತ್ತಿತ್ತು.

ಕ್ರಿಸ್ತನ ಬಗ್ಗೆ ಹೇಳುವ ಫಿಲಿಪ್ಪಿ 2:7–8 ಈ ಭಾಷೆಯ ತುದಿ. ದೂಲೊಸ್‌ನ ರೂಪ ಧರಿಸಿದ, ಶಿಲುಬೆಯ ಮರಣದವರೆಗೆ ವಿಧೇಯನಾದ. ರೋಮನ್ನರಿಗೆ ಶಿಲುಬೆ ಎಂದರೆ ದಾಸರಿಗೆ ಕೊಡುವ ಶಿಕ್ಷೆ, ಹಾಗಾಗಿ ಎರಡನೇ ಮಾತು ಮೊದಲನೆಯದರ ಮುಂದಿನ ಹೆಜ್ಜೆ. ಯೇಸುವನ್ನು ಹಿಡಿದುಕೊಟ್ಟದ್ದಕ್ಕೆ ಯೂದನಿಗೆ ಸಿಕ್ಕ 30 ಬೆಳ್ಳಿ ನಾಣ್ಯವನ್ನೂ ಇಲ್ಲೇ ಇಟ್ಟು ನೋಡಿ. ಎತ್ತು ಹಾಯ್ದು ಸತ್ತ ದಾಸನಿಗೆ ವಿಮೋಚನಕಾಂಡ 21:32 ಕಟ್ಟಿದ ಬೆಲೆ 30 ಶೆಕೆಲ್ ಬೆಳ್ಳಿ. ಕನ್ನಡದಲ್ಲಿ ಇದಕ್ಕೆ ಹತ್ತಿರದ ಮಾತು ನನಗೆ ಹರಿದಾಸರಲ್ಲಿ ಸಿಗುವುದಿಲ್ಲ, ಬಸವಣ್ಣನಲ್ಲಿ ಸಿಗುತ್ತದೆ: ತಾನು ಚೆನ್ನಯ್ಯನ ಮನೆಯ ದಾಸನ ಮಗನಿಗೂ ಕಕ್ಕಯ್ಯನ ಮನೆಯ ದಾಸಿಯ ಮಗಳಿಗೂ ಹುಟ್ಟಿದವನು ಎಂದು ಬಿಜ್ಜಳನ ಭಂಡಾರಿ ಹೇಳಿಕೊಳ್ಳುವ ವಚನದಲ್ಲಿ. ಅಲ್ಲಿ ದಾಸ ಪದಕ್ಕೆ ತಂಬೂರಿ ಇಲ್ಲ, ಹೊಲದ ಬೆರಣಿಯ ವಾಸನೆ ಇದೆ.

ಹಾಗಾದರೆ ನಿಜವಾದ ದಾಸನೊಬ್ಬ ಎದುರು ನಿಂತಾಗ ಪೌಲ ಏನು ಮಾಡಿದ? ಫಿಲೆಮೋನನಿಗೆ ಬರೆದ ಪತ್ರ 25 ವಚನ, ಒಂದು ಪುಟ. ಅವನ ದಾಸನ ಹೆಸರು ಒನೇಸಿಮ, ಎಂದರೆ 'ಉಪಯುಕ್ತ', ಒಡೆಯರು ದಾಸರಿಗೆ ಇಡುತ್ತಿದ್ದ ಹೆಸರು. ಪೌಲ 11ನೇ ವಚನದಲ್ಲಿ ಅದರ ಮೇಲೇ ಆಟವಾಡುತ್ತಾನೆ: ಮೊದಲು ನಿನಗೆ ಅನುಪಯುಕ್ತ, ಈಗ ನಿನಗೂ ನನಗೂ ಉಪಯುಕ್ತ. 16ರಲ್ಲಿ 'ಇನ್ನು ದಾಸನಂತಲ್ಲ, ದಾಸನಿಗಿಂತ ಹೆಚ್ಚಾಗಿ ಪ್ರಿಯ ಸಹೋದರನಂತೆ'. 18–19ರಲ್ಲಿ ನಷ್ಟವಾಗಿದ್ದರೆ ನನ್ನ ಲೆಕ್ಕಕ್ಕೆ ಬರೆದುಕೋ ಎಂದು ಸ್ವಹಸ್ತಾಕ್ಷರದ ಮುಚ್ಚಳಿಕೆ. ಪತ್ರವನ್ನು ಸಭೆಯೆದುರು, ಅಂದರೆ ಅಲ್ಲಿನ ಕ್ರೈಸ್ತ ಕೂಟದೆದುರು, ಓದುವಂತೆ ವಿಳಾಸ ಬರೆದಿರುವುದರಿಂದ ಫಿಲೆಮೋನನ ಕೈ ಕಟ್ಟಿಹಾಕಿದಂತೆಯೇ. ಎಲ್ಲ ಇದೆ, 'ಅವನನ್ನು ಬಿಡುಗಡೆ ಮಾಡು' ಎಂಬ ಎರಡು ಮಾತು ಮಾತ್ರ ಇಲ್ಲ. 1 ಕೊರಿಂಥ 7:21ರಲ್ಲೂ ಹೀಗೇ. ಸ್ವತಂತ್ರನಾಗಲು ಸಾಧ್ಯವಾದರೆ 'ಅದನ್ನೇ ಉಪಯೋಗಿಸಿಕೋ' ಎನ್ನುವಲ್ಲಿ ಗ್ರೀಕಿನಲ್ಲಿ 'ಅದನ್ನು' ಎಂಬುದೇ ಇಲ್ಲ. ಸ್ವಾತಂತ್ರ್ಯವನ್ನೇ, ದಾಸತ್ವವನ್ನೇ? ನಾಲ್ಕನೇ ಶತಮಾನದ ಬಿಷಪ್ ಕ್ರಿಸೊಸ್ತೊಮ್ ದಾಸತ್ವದಲ್ಲೇ ಇರು ಎಂದು ಓದಿದ. ಇಂದಿನ ಅನುವಾದಗಳೂ ಎರಡು ಪಾಲಾಗಿವೆ. ನನಗೆ ಸ್ವಾತಂತ್ರ್ಯ ಎಂದೇ ಓದುವುದು ಸರಿ ಅನ್ನಿಸುತ್ತದೆ, ಎರಡೇ ವಚನದ ಮುಂದೆ 'ಮನುಷ್ಯರಿಗೆ ದಾಸರಾಗಬೇಡಿರಿ' ಎಂದಿರುವ ಕಾರಣಕ್ಕೆ.

ಮುಂದಿನ ತಲೆಮಾರಿನವರೂ ಒಂದೇ ದಾರಿ ಹಿಡಿಯಲಿಲ್ಲ. ಮೊದಲ ಶತಮಾನದ ಕೊನೆಗೆ ರೋಮಿನಿಂದ ಕೊರಿಂಥಕ್ಕೆ ಬರೆದ ಕ್ಲೆಮೆಂತನ ಪತ್ರ, ನಮ್ಮಲ್ಲಿ ಅನೇಕರು ತಮ್ಮನ್ನೇ ದಾಸರಾಗಿ ಮಾರಿಕೊಂಡು ಆ ಹಣದಿಂದ ಬೇರೆಯವರಿಗೆ ಊಟ ಹಾಕಿದರು ಎನ್ನುತ್ತದೆ. ಕೆಲವು ವರ್ಷಗಳ ನಂತರ ಅಂತಿಯೋಕ್ಯದ ಬಿಷಪ್ ಇಗ್ನಾತಿಯಸ್ ಇನ್ನೊಬ್ಬ ಬಿಷಪ್ ಪೊಲಿಕಾರ್ಪನಿಗೆ ಬರೆದದ್ದು ಇನ್ನೊಂದು: ಸಭೆಯ ಹಣದಿಂದ ಬಿಡುಗಡೆಯಾಗಬೇಕೆಂದು ದಾಸರು ಆಸೆಪಡಬಾರದು.

ದಿಯಾಕೊನೊಸ್‌ನ ಹಣೆಬರಹ ಬೇರೆ. ರೋಮ 16:1ರಲ್ಲಿ ಫೊಯಿಬೆ ಎಂಬ ಹೆಂಗಸು ಕೆಂಖ್ರೆ ಊರಿನ ಸಭೆಯ ದಿಯಾಕೊನೊಸ್. ಪೌಲನಿಗೆ ಅದೇ ಪದ ಬಂದಾಗ 1611ರವರು 'ಮಿನಿಸ್ಟರ್' ಎಂದರು, ಫೊಯಿಬೆಗೆ ಮಾತ್ರ 'ಸರ್ವೆಂಟ್'. ಸುಮಾರು 112ರಲ್ಲಿ ರೋಮನ್ ಪ್ರಾಂತ್ಯ ಬಿಥೂನ್ಯದ ಅಧಿಪತಿ ಪ್ಲಿನಿ ಇಬ್ಬರು ದಾಸಿಯರಿಗೆ ಚಿತ್ರಹಿಂಸೆ ಕೊಟ್ಟು ವಿಚಾರಿಸಿದ್ದಾಗಿ ಚಕ್ರವರ್ತಿಗೆ ವರದಿ ಬರೆದ. ಅವರನ್ನು ಸಭೆಯವರು 'ಮಿನಿಸ್ತ್ರೆ' ಎನ್ನುತ್ತಿದ್ದರಂತೆ, ದಿಯಾಕೊನೊಸ್‌ಗೆ ಸಮನಾದ ಲ್ಯಾಟಿನ್. ಊರಿನ ಕಣ್ಣಿಗೆ ತೊತ್ತುಗಳು, ಸಭೆಯಲ್ಲಿ ಹುದ್ದೆಯವರು. ಎರಡೂ ಪದ ಒಂದೇ ಮೈಮೇಲೆ ಇದ್ದ ಕಾಲ ಅದು.

ಆಮೇಲೆ ಅವು ಬೇರೆಯಾದವು. ದಿಯಾಕೊನೊಸ್ ಚರ್ಚಿನ ಪದವಿಯಾಗಿ ಮೆಟ್ಟಿಲು ಹತ್ತಿತು, ಡೀಕನ್ ಆಯಿತು, ಆರ್ಚ್‌ಡೀಕನ್ ಆಯಿತು. ಸಾರ್ದಿನಿಯಾ ದ್ವೀಪದಲ್ಲಿ ದಾಸನೊಬ್ಬನ ಕೊರಳಿಗೆ ಹಾಕಿದ್ದ ಲೋಹದ ಪಟ್ಟಿ ಸಿಕ್ಕಿದೆ, ರೋಮನ್ ಯುಗದ ಕೊನೆಗಾಲದ್ದು. ಮೇಲೆ ಲ್ಯಾಟಿನ್ನಿನಲ್ಲಿ ಕೆತ್ತಿರುವುದು ಇಷ್ಟು: ಆರ್ಚ್‌ಡೀಕನ್ ಫೆಲಿಕ್ಸ್‌ನ ದಾಸ ನಾನು, ಓಡಿಹೋಗದಂತೆ ಹಿಡಿ.